ಒಂದು ಜೊತೆ ಜುಮ್ಕಿ, ಮೂರು ಹರಕೆ

ಫೋನ್ ಬಂದಾಗ ನಾನು ಬನ್ಸಿನ ಹಿಟ್ಟು ಕಲಸುತ್ತಿದ್ದೆ. ಎರಡೂ ಕೈ ತುಂಬ ಮೈದಾ, ಬಾಳೆಹಣ್ಣು. ಮೊಣಕೈಯಿಂದ ಸ್ಪೀಕರ್ ಒತ್ತಿದೆ. (ಮೊಣಕೈಯಿಂದ ಫೋನ್ ತೆಗೆಯುವುದು ನಮ್ಮಂಥ ಅಡುಗೆಮನೆಯವರಿಗೆ ಮಾತ್ರ ಸಿದ್ಧಿಸಿದ ಯೋಗಾಸನ.)

"ಅಕ್ಕಾ, ನಿಮ್ಮ ಮಗಳು ನನ್ನ ಅಂಗಡಿಯಲ್ಲಿದ್ದಾಳೆ. ನೀವೊಮ್ಮೆ ಬರಬೇಕಿತ್ತು."

ಕಡಬದಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ಸುಗುಣಕ್ಕನ ದನಿ.

"ಎಂತಾಯ್ತು ಸುಗುಣಕ್ಕ? ತಲೆ ತಿರುಗಿ ಬಿದ್ಲಾ?"

"ತಲೆ ಎಂತದೂ ತಿರುಗ್ಲಿಲ್ಲ. ಫೋನಲ್ಲಿ ಹೇಳುದಲ್ಲ. ಬನ್ನಿ."

ಪಿಯುಸಿ ಓದುವ ಮಗಳಿರುವ ತಾಯಿಗೆ "ಫೋನಲ್ಲಿ ಹೇಳುದಲ್ಲ" ಅಂದರೆ ತಲೆಯಲ್ಲಿ ಏನೇನು ಓಡುತ್ತದೆ ಎಂದು ನಾನು ಬಿಡಿಸಿ ಬರೆಯಬೇಕೇ? ಕೈ ತೊಳೆದು, ಸ್ಕೂಟರ್ ಹತ್ತಿ, ಕೋಡಿಂಬಾಳ ದಾಟಿ ಕಡಬ ಮುಟ್ಟುವಷ್ಟರಲ್ಲಿ ನಾನು ಅವಳಿಗೊಬ್ಬ ಹುಡುಗನನ್ನು ಕಲ್ಪಿಸಿ, ಅವನಿಗೊಂದು ಬೈಕು ಕೊಟ್ಟು, ಇಬ್ಬರನ್ನೂ ಚೆನ್ನಾಗಿ ಬೈದು, ಕೊನೆಗೆ ಕ್ಷಮಿಸಿಯೂ ಆಗಿತ್ತು.

ಅಂಗಡಿಯಲ್ಲಿ ಹುಡುಗ ಇರಲಿಲ್ಲ. ಬಳೆ ಸ್ಟ್ಯಾಂಡಿನ ಕೆಳಗೆ ಸ್ಟೂಲಿನ ಮೇಲೆ ನನ್ನ ಮಗಳು ಶ್ರಾವ್ಯ ತಲೆ ತಗ್ಗಿಸಿ ಕೂತಿದ್ದಳು. (ಹೆಸರು ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟವಳೂ ಅವಳೇ, ಹೊಸ ಹೆಸರು ಆರಿಸಿಕೊಂಡವಳೂ ಅವಳೇ.) ಗಲ್ಲಾದ ಮೇಲೆ ಒಂದು ಜೊತೆ ಜುಮ್ಕಿ. ಒನ್ ಗ್ರಾಂ ಗೋಲ್ಡ್ ಅಂತಾರಲ್ಲ, ಅದು.

"ಒಬ್ಬಳು ಮದುಮಗಳಿಗೆ ಅಂತ ತೆಗೆದಿಟ್ಟ ಜುಮ್ಕಿ ಅಕ್ಕ," ಅಂದರು ಸುಗುಣಕ್ಕ. "ಈ ವಾರ ಕಾಣೆಯಾಯ್ತು. ಅಜ್ಜನಿಗೆ ಹೇಳಿಕೊಂಡೆ. ಇವತ್ತು ನೋಡಿದ್ರೆ ನಿಮ್ಮ ಮಗಳು ಇದನ್ನು ತಂದು ಸ್ಟ್ಯಾಂಡಿಗೆ ಸಿಕ್ಕಿಸ್ತಾ ಇದ್ದಾಳೆ!"

ಅಜ್ಜ ಎಂದರೆ ಕೊರಗಜ್ಜ, ನಮ್ಮ ತುಳುನಾಡಿನ ದೈವ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ಇಲ್ಲಿ ಏನೇ ಕಳೆದುಹೋದರೂ, ಬೀಗದ ಕೈ ಇರಲಿ, ಬೆಕ್ಕಿನ ಮರಿ ಇರಲಿ, ಮೊದಲು ಅಜ್ಜನಿಗೆ ಹೇಳಿಕೊಳ್ಳುವುದು. ಸಿಕ್ಕಿದರೆ ಅಜ್ಜನ ಕಟ್ಟೆಗೆ ಚಕ್ಕುಲಿ, ವೀಳ್ಯದೆಲೆ ಕೊಡುತ್ತೇವೆ ಎಂದು ಹರಕೆ. ಪೊಲೀಸ್ ಸ್ಟೇಷನ್ನಿನ ನೆನಪು ಬರುವುದು ಆಮೇಲೆ. ಸುಗುಣಕ್ಕನಂತೂ ಹರಕೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವವರೇ ಅಲ್ಲ. ಅಂಗಡಿ ತುಂಬ ಕಾಲೇಜು ಮಕ್ಕಳಿರುವ ಹೊತ್ತು ನೋಡಿ, ಎಲ್ಲರಿಗೂ ಕೇಳುವಂತೆ ಕೈ ಮುಗಿದು ಹೇಳುತ್ತಾರೆ.

ಒಮ್ಮೆ ನಾನೇ ಅವರಿಗೆ ಕ್ಯಾಮೆರಾ ಹಾಕಿಸಲು ಹೇಳಿದ್ದೆ. "ಕರೆಂಟ್ ಹೋದ್ರೆ ಕ್ಯಾಮೆರಾಕ್ಕೆ ಕಣ್ಣು ಕಾಣುದಿಲ್ಲ ಮಾರಾಯ್ರೆ. ಅಜ್ಜನಿಗೆ ಕರೆಂಟ್ ಬೇಡ," ಅಂದಿದ್ದರು.

"ನಾನು ತೆಗೆದದ್ದಲ್ಲ," ಎಂದಳು ಶ್ರಾವ್ಯ.

"ಮತ್ತೆ ಯಾರು?" ಎಂದೆ.

ಅವಳು ಸ್ಟೂಲಿನ ಅಂಚು ಕೆರೆಯತೊಡಗಿದಳು.

"ಬಾಯಿ ಬಿಡು ಹೆಣ್ಣೇ! ನಿನ್ನ ಕೈಗೆ ಹಾರಿ ಬಂತಾ ಅದು?"

ಊಹೂಂ. ನನ್ನ ಮಗಳ ಹಟ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು, ಅದು ನನ್ನಿಂದಲೇ ಹೋದದ್ದು.

ಸುಗುಣಕ್ಕ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು. "ಇದೊಂದೇ ಅಲ್ಲ ಅಕ್ಕ. ಕ್ಲಿಪ್ಪು, ಲಿಪ್‌ಸ್ಟಿಕ್ಕು, ನೈಲ್ ಪಾಲಿಶು, ಹೋಗ್ತಾನೇ ಉಂಟು. ಯಾವ ಮಕ್ಕಳು ಅಂತ ಗೊತ್ತಾಗುದಿಲ್ಲ. ಸೋಮವಾರ ನಾನು ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಹೇಳುವವಳೇ. ಅಷ್ಟರೊಳಗೆ ಇವಳು ಯಾರು ಅಂತ ಹೇಳಿದ್ರೆ ಇವಳ ಹೆಸರು ನಾನು ಎತ್ತುದಿಲ್ಲ. ಹೇಳದಿದ್ರೆ, ಸಿಕ್ಕಿದವಳು ಇವಳೇ ಅಲ್ವಾ?"

ಹೇಳುತ್ತಾ ಅವರ ಕಣ್ಣೂ ಒದ್ದೆಯಾಯಿತು. ನನ್ನ ಸೀಮಂತದ ಹಸಿರು ಬಳೆ ತೊಡಿಸಿದ ಕೈ ಅದು. ಶ್ರಾವ್ಯಳ ಮೊದಲ ರಿಬ್ಬನ್ನೂ ಅವರ ಅಂಗಡಿಯದೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕಡಬ ಈಗ ತಾಲೂಕು. ಕಚೇರಿಗಳು ಬಂದಿವೆ, ಬೋರ್ಡುಗಳು ಬಂದಿವೆ. ಆದರೆ ಸುದ್ದಿಯ ವಿಷಯದಲ್ಲಿ ಇನ್ನೂ ಹಳೆಯ ಕಡಬವೇ. ಬೆಳಿಗ್ಗೆ ಪೇಟೆಯಲ್ಲಿ ಆಡಿದ ಮಾತು ಮಧ್ಯಾಹ್ನದ ಜೀಪು ಹತ್ತಿ ಹಳ್ಳಿ ಸೇರುತ್ತದೆ. ಹೆಣ್ಣುಮಗಳೊಬ್ಬಳಿಗೆ "ಕಳ್ಳಿ" ಎಂಬ ಹೆಸರು ಒಮ್ಮೆ ಅಂಟಿದರೆ, ಆಮೇಲೆ ಅವಳು ಡಾಕ್ಟರೇ ಆಗಲಿ, ಊರಿನವರು ಪರ್ಸು ಗಟ್ಟಿ ಹಿಡಿದುಕೊಂಡೇ ನಾಡಿ ತೋರಿಸುತ್ತಾರೆ.

ಅಡಿಕೆ ಕೊಡಲು ಪುತ್ತೂರಿಗೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದೆ. "ತೂಕ ಆಗ್ತಾ ಉಂಟು, ಮತ್ತೆ ಮಾಡ್ತೇನೆ," ಎಂದು ಇಟ್ಟರು. ಗಂಡಂದಿರ ಬಗ್ಗೆ ಬೇರೆಯೇ ಅಂಕಣ ಬರೆಯಬೇಕು, ಇಲ್ಲಿ ಬೇಡ.

ಮನೆಗೆ ಬಂದ ಮೇಲೆ ಬೈದೆ. ಗದರಿಸಿದೆ. ಅತ್ತೆ. ಸಿಟ್ಟಿನಲ್ಲಿ ಲಟ್ಟಿಸಿದ ಬನ್ಸ್ ಒಂದೂ ಉಬ್ಬಲಿಲ್ಲ. ಶ್ರಾವ್ಯ ಅದನ್ನೇ ತಿಂದು, ತಟ್ಟೆ ತೊಳೆದಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ, ಚಕ್ಕುಲಿ ಉಂಟಾ?"

ನನಗೆ ಮೈಯೆಲ್ಲ ಉರಿಯಿತು. ಇಷ್ಟೆಲ್ಲ ರಾಮಾಯಣ ಮಾಡಿ ಈಗ ಇವಳಿಗೆ ಚಕ್ಕುಲಿ ಬೇರೆ ಬೇಕಾ?

"ನನಗಲ್ಲ. ಅಜ್ಜನಿಗೆ."

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. "ನೀನೂ ಹರಕೆ ಹೇಳಿದ್ದೀಯಾ? ಎಂತ ಅಂತ?"

"ಅವಳು ಸಿಕ್ಕಿಬೀಳಬಾರದು ಅಂತ."

ಅವಳು! ನನ್ನ ಮಗಳ ಬಾಯಲ್ಲಿ ಹೆಸರಿಲ್ಲದೆ "ಅವಳು" ಎಂದರೆ ಈ ಲೋಕದಲ್ಲಿ ಒಬ್ಬಳೇ. ಹರ್ಷಿತಾ. (ಈ ಹೆಸರೂ ಬದಲಿಸಿದ್ದು, ಒಪ್ಪಿಗೆ ಪಡೆದೇ.) ಅಂಗನವಾಡಿಯಿಂದ ಜೊತೆಗೆ ಬೆಳೆದವಳು. ನಮ್ಮ ಮನೆಯ ಫ್ರಿಜ್ಜು ಕೇಳದೆ ತೆರೆಯುವವಳು. ಅವಳ ಅಮ್ಮ ಲೀಲಕ್ಕ ಸುಳ್ಯದ ಕಡೆಯವರು. ಹರ್ಷಿತಾ ಮನೆಯಲ್ಲಿ ಅರೆಭಾಷೆ, ಅಂದರೆ ಆ ಕಡೆಯ ಕನ್ನಡ, ಮಾತಾಡುವುದನ್ನು ಕೇಳಿ ಕೇಳಿ ನನ್ನ ಮಗಳೂ ಸಿಟ್ಟು ಬಂದಾಗ ಅರೆಭಾಷೆಯಲ್ಲೇ ಬೈಯುತ್ತಾಳೆ. ಅಂಥ ಹರ್ಷಿತಾ?

ಆಮೇಲೆ ಕಥೆ ಹೊರಗೆ ಬಂತು. ಕಾಲೇಜಿನಲ್ಲಿ ಒಂದು ಗ್ಯಾಂಗ್. ಬಸ್ಸಿನ ಹಿಂದಿನ ಸೀಟು ಅವರದು. ರಜೆ ಬಂದರೆ ಪುತ್ತೂರಿಗೆ ಹೋಗಿ ಐಸ್‌ಕ್ರೀಂ ತಿಂದು ರೀಲ್ಸ್ ಮಾಡುವವರು. ಆ ಗ್ಯಾಂಗಿಗೆ ಸೇರಬೇಕಾದರೆ ಒಂದು "ಟಾಸ್ಕ್" ಮಾಡಬೇಕಂತೆ. ಯಾವುದಾದರೂ ಅಂಗಡಿಯಿಂದ ಏನನ್ನಾದರೂ ಸದ್ದಿಲ್ಲದೆ ಎತ್ತಿಕೊಂಡು ಬರಬೇಕು. ಕ್ಲಿಪ್ಪು, ಲಿಪ್‌ಸ್ಟಿಕ್ಕು ಎಲ್ಲ ಹೋದದ್ದು ಹಾಗೆ. ಹರ್ಷಿತಾ ಜುಮ್ಕಿ ಎತ್ತಿದಳು, ಪಾಸಾದಳು.

"ಅವಳಿಗೆ ಅವರೊಟ್ಟಿಗೆ ಸೇರುವ ಹುಚ್ಚು ಎಂತಕ್ಕೆ?" ಎಂದೆ.

ಶ್ರಾವ್ಯ ನೆಲ ನೋಡಿದಳು. "ನಾನು ಬೋರಂತೆ."

ಅಯ್ಯೋ, ಈ ಎರಡು ಶಬ್ದಕ್ಕೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆಮೇಲೆ ಗೊತ್ತಾಯಿತು, ಹರ್ಷಿತಾ ಇತ್ತೀಚೆಗೆ ಹಿಂದಿನ ಸೀಟಿಗೇ ಹೋಗುತ್ತಿದ್ದಾಳೆ, ಇವಳ ಹತ್ತಿರ ಮಾತೂ ಕಡಿಮೆ ಮಾಡಿದ್ದಾಳೆ. ನಾನು ತಾಯಿ, ಒಂದೇ ಮನೆಯಲ್ಲಿ ಇದ್ದೇನೆ. ಮಗಳು ಒಬ್ಬಳೇ ಆಗಿದ್ದು ನನಗೆ ಕಾಣಿಸಿರಲಿಲ್ಲ.

ಸುಗುಣಕ್ಕ ಅಂಗಡಿ ತುಂಬ ಕೇಳುವ ಹಾಗೆ ಹರಕೆ ಹೇಳಿದ ಹೊತ್ತಿಗೆ ಹರ್ಷಿತಾ ಅಲ್ಲೇ ನಿಂತಿದ್ದಳಂತೆ. ರಾತ್ರಿಗೆ ಜ್ವರ ಹಿಡಿಯಿತು. ಗ್ಯಾಂಗಿನವರು, "ಹೊಳೆಗೆ ಬಿಸಾಡು, ಮುಗೀತು," ಅಂದರು. ಹಾಗೆ ಹೇಳಿದವರಲ್ಲಿ ಒಬ್ಬಳಾದರೂ ಬಂದು ಬಿಸಾಡಿದಳೇ? ಮುಟ್ಟಲೂ ಇಲ್ಲ. ಹರಕೆ ಹೇಳಿದ ವಸ್ತುವನ್ನು ಹೊಳೆಗೆ ಬಿಸಾಡುವ ಧೈರ್ಯ ನಮ್ಮ ಮೂರು ತಾಲೂಕಿನಲ್ಲಿ ಯಾರಿಗೂ ಇಲ್ಲ. ಕೊನೆಗೆ ಹರ್ಷಿತಾ ಜುಮ್ಕಿಯನ್ನು ಕರ್ಚೀಫಿನಲ್ಲಿ ಕಟ್ಟಿ, ಯಾರನ್ನು ಬೋರ್ ಅಂದಿದ್ದಳೋ ಅವಳ ಹತ್ತಿರವೇ ಬಂದಳು. "ನನ್ನ ಕೈ ನಡುಗ್ತದೆ, ನೀನು ಇಟ್ಟು ಬಾ," ಅಂದಳು. ಇವಳು ಇಡಲು ಹೋದಳು.

ಬೇರೆ ಊರಿನ ಕಳ್ಳರು ಕದ್ದ ಮಾಲನ್ನು ಮಾರುತ್ತಾರೆ, ಹೂಳುತ್ತಾರೆ. ಇದ್ದ ಜಾಗದಲ್ಲೇ ವಾಪಸ್ ಇಡಲು ಹೋಗಿ ಸಿಕ್ಕಿಬೀಳುವವರು ನಮ್ಮಲ್ಲಿ ಮಾತ್ರ. ಅದೂ ಕದಿಯದೇ ಇದ್ದವರು!

"ನಾನೀಗಲೇ ಸುಗುಣಕ್ಕನಿಗೆ ಫೋನ್ ಮಾಡ್ತೇನೆ," ಎಂದೆ.

"ಬೇಡ ಅಮ್ಮ. ನೀನು ಹೇಳಿದ್ರೆ ನಾನು ಹೇಳಿದ ಹಾಗೆಯೇ."

"ಮತ್ತೆ ನೀನು ಕಳ್ಳಿ ಆಗ್ತೀಯಾ?"

"ಅವಳು ಹೇಳ್ತಾಳೆ."

"ಹೇಳದಿದ್ರೆ?"

ಅವಳು ಚಕ್ಕುಲಿ ಡಬ್ಬ ಹುಡುಕತೊಡಗಿದಳು.

ನಾವು ದೊಡ್ಡವರು ಪೀರ್ ಪ್ರೆಶರ್ ಎಂಬ ಪದವನ್ನು ಮಕ್ಕಳ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಹೋದ ತಿಂಗಳು ನಮ್ಮ ಭಜನಾ ಮಂಡಳಿಯಲ್ಲಿ ಎಲ್ಲರೂ ಸಾಸಿವೆ ಬಣ್ಣದ ಸೀರೆ ಉಡಬೇಕೆಂದು ತೀರ್ಮಾನವಾಯಿತು. ಆ ಬಣ್ಣ ಉಟ್ಟರೆ ನನಗೆ ಕಾಮಾಲೆ ಬಂದಂತೆ ಕಾಣುತ್ತದೆ. ಬೇಡ ಅಂದೆನೇ? "ಚೆಂದ ಉಂಟು, ಚೆಂದ ಉಂಟು," ಎಂದು ತಲೆಯಾಡಿಸಿ ಸೀರೆ ತಂದೆ. ಗುಂಪಿನ ಫೋಟೋದಲ್ಲಿ ಒಬ್ಬಳೇ ಬೇರೆ ಬಣ್ಣದಲ್ಲಿ ನಿಲ್ಲುವ ಧೈರ್ಯ ಈ ವಯಸ್ಸಿನಲ್ಲಿ ನನಗೇ ಇಲ್ಲ. ಹರ್ಷಿತಳಿಗೆ ಎಲ್ಲಿಂದ ಬರಬೇಕು? (ಹಾಗೆಂದು ಕದ್ದದ್ದು ಸರಿ ಎನ್ನುತ್ತಿಲ್ಲ. ಪತ್ರ ಬರೆಯಲು ಪೆನ್ನು ಹುಡುಕುತ್ತಿರುವವರು ದಯವಿಟ್ಟು ಕುಳಿತುಕೊಳ್ಳಿ.)

ಭಾನುವಾರ ತಡೆಯಲಾಗಲಿಲ್ಲ. ಲೀಲಕ್ಕನಿಗೆ ಫೋನ್ ಮಾಡಿಯೇಬಿಟ್ಟೆ. ಮಗಳು ಎದುರಿಗೆ ಬಂದು ನಿಂತಳು. ಬೇಡ ಅನ್ನಲಿಲ್ಲ, ನೋಡಿದಳು ಅಷ್ಟೇ.

"ಲೀಲಕ್ಕಾ, ಹರ್ಷಿತಾ ಹೇಗಿದ್ದಾಳೆ?"

"ಎಂತ ಹೇಳುದು ಅಕ್ಕ, ಜ್ವರ ಬಿಡುದೇ ಇಲ್ಲ. ಮಾತ್ರೆ ಆಯ್ತು, ಕಷಾಯ ಆಯ್ತು. ಒಬ್ಬಳೇ ಅಳ್ತಾಳೆ. ಕೇಳಿದ್ರೆ ಎಂತ ಇಲ್ಲ ಅಂತಾಳೆ. ಕೊನೆಗೆ ಅಜ್ಜನಿಗೇ ಹೇಳಿಕೊಂಡೆ. ನನ್ನ ಮಗಳ ಜ್ವರ ಬಿಡಲಿ, ಚಕ್ಕುಲಿ ಕೊಡ್ತೇನೆ ಅಂತ."

ಮೂರನೆಯ ಹರಕೆ! ಜುಮ್ಕಿಯೂ ಕದ್ದವಳೂ ಸಿಗಲಿ ಎಂದು ಸುಗುಣಕ್ಕ. ಕದ್ದವಳು ಸಿಗಬಾರದು ಎಂದು ನನ್ನ ಮಗಳು. ಜ್ವರ ಬಿಡಲಿ ಎಂದು ಲೀಲಕ್ಕ. ಪಾಪ, ಅಜ್ಜ ಯಾರ ಮಾತು ಕೇಳಬೇಕು?

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆ ತಾಯಿಗೆ ಏನು ಹೇಳಲಿ? "ಜ್ವರ ಬಿಡ್ತದೆ ಲೀಲಕ್ಕ," ಎಂದಷ್ಟೇ ಹೇಳಿ ಫೋನ್ ಇಟ್ಟೆ. ಶ್ರಾವ್ಯ ಬಂದು ನನ್ನ ಭುಜಕ್ಕೆ ಹಣೆ ಒರಗಿಸಿ ನಿಂತಳು. ಅವಳು ಹಾಗೆ ನಿಲ್ಲದೆ ಬಹಳ ಕಾಲವಾಗಿತ್ತು.

ಸೋಮವಾರ ಬೆಳಿಗ್ಗೆ, ಸುಗುಣಕ್ಕ ಕಾಲೇಜಿಗೆ ಹೋಗುವ ಮೊದಲೇ ಅವರನ್ನು ಕಂಡು ಕೈಕಾಲು ಹಿಡಿಯುವುದು ಎಂದು ನಿಶ್ಚಯಿಸಿದೆ. ಸ್ಕೂಟರ್ ತೆಗೆದೆ.

"ಬಸ್ಸಲ್ಲೇ ಹೋಗುದು," ಎಂದಳು ಮಗಳು.

"ಎಂತಕ್ಕೆ? ಎಲ್ಲರೂ ನಿನ್ನ ಮುಖ ನೋಡ್ಲಿಕ್ಕಾ?"

"ಬಸ್ಸಲ್ಲೇ ಹೋಗುದು ಅಮ್ಮ."

ಹೇಳಿದೆನಲ್ಲ, ಹಟ. ಅವಳನ್ನು ಒಬ್ಬಳೇ ಕಳಿಸುವ ಮನಸ್ಸಾಗದೆ ನಾನೂ ಬಸ್ಸು ಹತ್ತಿದೆ. ಪಂಜದ ಕಡೆಯಿಂದ ಬರುವ ಬಸ್ಸು ಅದಾಗಲೇ ಅರ್ಧ ತುಂಬಿತ್ತು. ಎರಡು ಸೀಟು ಖಾಲಿ ಇತ್ತು. ಕಿಟಕಿಯ ಬಳಿ ಅವಳು ಕೂತಳು. ನಾನು ಪಕ್ಕದಲ್ಲಿ ಕೂರಲು ಹೋದರೆ, ಅಲ್ಲಿ ಬ್ಯಾಗ್ ಇಟ್ಟಳು!

"ಇದು ಹರ್ಷಿತಳಿಗೆ."

ನಾನು ಹೆತ್ತ ತಾಯಿ. ಮಂಡಿ ನೋವಿನವಳು. ಕಂಬಿ ಹಿಡಿದು ನಿಂತೆ.

ಮುಂದಿನ ಸ್ಟಾಪಿನಲ್ಲಿ ಹರ್ಷಿತಾ ಹತ್ತಿದಳು. ಮುಖ ಬಾಡಿತ್ತು, ಜ್ವರದ ಕಣ್ಣು. ನನ್ನನ್ನು ನೋಡಿ ಬೆಚ್ಚಿದಳು. ಶ್ರಾವ್ಯ ಬ್ಯಾಗ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹರ್ಷಿತಾ ಒಂದು ಗಳಿಗೆ ನಿಂತು, ಮುಖ ತಿರುಗಿಸಿ, ಸೀದಾ ಹಿಂದಕ್ಕೆ ಹೋದಳು. ಹಿಂದಿನಿಂದ ಗ್ಯಾಂಗಿನವರ ನಗು ಕೇಳಿಸಿತು.

ಶ್ರಾವ್ಯ ಬ್ಯಾಗನ್ನು ಮತ್ತೆ ಅದೇ ಸೀಟಿನ ಮೇಲೆ ಇಟ್ಟಳು.

ಕೋಡಿಂಬಾಳದಲ್ಲಿ ಜನ ನುಗ್ಗಿದರು. "ಬ್ಯಾಗಿಗೆ ಸೀಟಾ? ಜನ ನಿಂತದ್ದು ಕಾಣುದಿಲ್ವಾ?" ಎಂದು ಒಬ್ಬರು ರೇಗಿದರು. "ಜನ ಉಂಟು," ಎಂದಳು ಇವಳು. ಕಂಡಕ್ಟರ್ ಗೊಣಗಿದ. ಇವಳು ಕಿಟಕಿಯ ಹೊರಗೆ ನೋಡುತ್ತಾ ಬ್ಯಾಗಿನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನಗೆ ಆಗ ಹರ್ಷಿತಳ ಮೇಲೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಹಿಂದೆ ಹೋಗಿ ಅವಳ ಜಡೆ ಹಿಡಿದು ಎಳೆದುಕೊಂಡು ಬರಬೇಕು ಅನ್ನಿಸಿತು. ಕಡಬ ಬರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಸುಗುಣಕ್ಕ ಆಗಷ್ಟೇ ಶಟರ್ ಎತ್ತಿ, ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದರು.

"ಸುಗುಣಕ್ಕಾ, ಒಂದು ಮಾತು," ಎಂದು ನಾನು ಶುರು ಮಾಡಿದ್ದಷ್ಟೇ. ಹಿಂದೆ ಯಾರೋ ಓಡಿ ಬಂದ ಸದ್ದು.

"ಅದು ನಾನು ತೆಗೆದದ್ದು ಸುಗುಣಕ್ಕ. ಇವಳಲ್ಲ."

ಹರ್ಷಿತಾ. ಏದುಸಿರು ಬಿಡುತ್ತಾ ನಿಂತಿದ್ದಳು. ರಸ್ತೆಯಾಚೆ ಅವಳ ಗ್ಯಾಂಗು ಬಾಯಿ ತೆರೆದು ನೋಡುತ್ತಿತ್ತು. ಎಲ್ಲರೆದುರು, ಪೇಟೆಯ ನಡುವೆ, ಬೆಳಿಗ್ಗೆಯ ಜನಸಂದಣಿಯಲ್ಲಿ ಹೇಳಿಬಿಟ್ಟಿದ್ದಳು ಹುಡುಗಿ.

ಸುಗುಣಕ್ಕ ಚೆಂಬು ಕೆಳಗಿಟ್ಟರು. "ಅಜ್ಜನಿಗೆ ಹೆದರಿ ಬಂದದ್ದಾ?"

"ಅಜ್ಜನಿಗೆ ಹೆದರಿ ಜ್ವರ ಬಂತು. ಈಗ ಬಂದದ್ದು ಅದಕ್ಕಲ್ಲ."

"ಮತ್ತೆಂತಕ್ಕೆ?"

"ಇವಳು... ಇವಳು ಇವತ್ತೂ ನನಗೆ ಸೀಟು ಹಿಡಿದಿಟ್ಟಿದ್ಲು."

ಅಷ್ಟು ಹೇಳಿ ಗೊಳೋ ಎಂದು ಅತ್ತಳು. ಅದನ್ನು ನೋಡಿ ಶ್ರಾವ್ಯ ಅತ್ತಳು. ಇಬ್ಬರನ್ನೂ ನೋಡಿ ನಾನು ಅತ್ತೆ. ಸುಗುಣಕ್ಕ ಸೆರಗಿನಿಂದ ಮೂಗೊರೆಸಿಕೊಂಡು, "ಬೋಣಿಯ ಹೊತ್ತಿಗೆ ಇದೆಂತ ಮಾರಾಯ್ರೆ, ಒಳಗೆ ಬನ್ನಿ ಎಲ್ಲರೂ," ಎಂದು ಗದರಿದರು.

ಹರ್ಷಿತಾ ಗ್ಯಾಂಗಿನ ಒಂದು ಹೆಸರನ್ನೂ ಹೇಳಲಿಲ್ಲ. ಸುಗುಣಕ್ಕ ಕೇಳಲೂ ಇಲ್ಲ. ಕಾಲೇಜಿಗೆ ಹೋಗುವ ಮಾತೂ ಎತ್ತಲಿಲ್ಲ. "ಉಳಿದವರಿಗೆ ಒಂದು ವಿಷಯ ತಿಳಿಸು," ಎಂದರು. "ಕ್ಲಿಪ್ಪು, ಲಿಪ್‌ಸ್ಟಿಕ್ಕಿನ ಸಂಗತಿ ನಾನು ಅಜ್ಜನಿಗೆ ಇನ್ನೂ ಹೇಳ್ಲಿಲ್ಲ. ನಾಳೆ ಹೇಳುವಾ ಅಂತ ಉಂಟು."

ಮಾರನೆಯ ದಿನ ಶಟರಿನ ಬಳಿ ಒಂದು ಪ್ಲಾಸ್ಟಿಕ್ ತೊಟ್ಟೆ ಇತ್ತಂತೆ. ಕ್ಲಿಪ್ಪು, ನೈಲ್ ಪಾಲಿಶು, ಅರ್ಧ ಬಳಸಿದ ಲಿಪ್‌ಸ್ಟಿಕ್ಕು. ಜೊತೆಗೆ ಸುಗುಣಕ್ಕನ ಅಂಗಡಿಯದೇ ಅಲ್ಲದ ಒಂದು ಬಾಚಣಿಗೆ. ಅದು ಯಾವ ಅಂಗಡಿಯದೆಂದು ಅವರು ಈಗಲೂ ವಿಚಾರಿಸುತ್ತಿದ್ದಾರೆ.

ಇನ್ನು ಹರಕೆಗಳ ಲೆಕ್ಕಾಚಾರ. ಸುಗುಣಕ್ಕನದು ಸರಿ, ಜುಮ್ಕಿ ಸಿಕ್ಕಿತು. ಜ್ವರ ಆ ಸಂಜೆಗೇ ಬಿಟ್ಟದ್ದರಿಂದ ಲೀಲಕ್ಕನದೂ ಸರಿ. (ಹರ್ಷಿತಾ ಅಂದು ತಾನಾಗಿಯೇ ಅವ್ವನಿಗೆ ಎಲ್ಲ ಹೇಳಿದಳು. ಲೀಲಕ್ಕ ಮೊದಲು ಅವಳಿಗೆ ಒಂದು ಬಾರಿಸಿ, ಆಮೇಲೆ ನಮ್ಮ ಮನೆಗೆ ಬಂದು ಶ್ರಾವ್ಯಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.) ಉಳಿದದ್ದು ನನ್ನ ಮಗಳದು.

"ನನ್ನದು ಆಗ್ಲಿಲ್ಲ ಅಲ್ವಾ ಸುಗುಣಕ್ಕ? ಅವಳು ಸಿಕ್ಕಿಬೀಳಬಾರದು ಅಂತ ನಾನು ಹೇಳಿಕೊಂಡದ್ದು," ಎಂದಳು ಶ್ರಾವ್ಯ.

"ಸಿಕ್ಕಿಬಿದ್ದದ್ದು ಎಲ್ಲಿ? ಅವಳಾಗಿಯೇ ಬಂದದ್ದಲ್ವಾ? ಅಜ್ಜನಿಗೆ ಮೋಸ ಮಾಡ್ಲಿಕ್ಕೆ ನೋಡ್ತೀಯಾ? ತೆಗಿ ಚಕ್ಕುಲಿ!"

ಮುಂದಿನ ಭಾನುವಾರ ಹಗಲು ಸುಗುಣಕ್ಕನ ಹಿಂದೆ ಅಜ್ಜನ ಕಟ್ಟೆಗೆ ಹೋಗಿ ಮೂರೂ ಹರಕೆ ಒಟ್ಟಿಗೆ ತೀರಿಸಿ ಬಂದರು ಹುಡುಗಿಯರು. ದಾರಿಯಲ್ಲಿ ಹರ್ಷಿತಾ ಮಾತಾಡಲಿಲ್ಲವಂತೆ, ಇವಳೂ ಮಾತಾಡಲಿಲ್ಲವಂತೆ. ವಾಪಸು ಬರುವಾಗ ಪ್ರಸಾದದ ಚಕ್ಕುಲಿಯಲ್ಲಿ ದೊಡ್ಡ ತುಂಡು ಯಾರಿಗೆ ಎಂದು ಜಗಳವಾಯಿತಂತೆ. ಆ ಜಗಳದ ಸುದ್ದಿ ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಎಲ್ಲವೂ ಸುಖಾಂತ್ಯವೇ? ಇಲ್ಲ. ಗ್ಯಾಂಗಿನವರು ಈಗ ಹರ್ಷಿತಳ ಜೊತೆ ಮಾತಾಡುವುದಿಲ್ಲ. ಬಸ್ಸಿನಲ್ಲಿ ಹಿಂದಿನಿಂದ "ಜುಮ್ಕೀ" ಎಂದು ಕೂಗುವವರೂ ಇದ್ದಾರೆ. ಅವಳು ಕಿವಿ ಕೆಂಪಾಗಿಸಿಕೊಂಡು ಕೂರುತ್ತಾಳೆ. ಕೂರುವುದು ಎಲ್ಲಿ ಎಂದು ನಿಮಗೆ ಗೊತ್ತು.

ಆದರೂ ನನ್ನ ಮನಸ್ಸಿನಲ್ಲೊಂದು ಮುಳ್ಳು ಉಳಿದಿತ್ತು. ಮೊನ್ನೆ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿಯೇಬಿಟ್ಟೆ. "ಅಲ್ಲ ಮಾರಾಯ್ತಿ, ಅವತ್ತು ಅವಳು ಬಂದು ಒಪ್ಪಿಕೊಳ್ಳದಿದ್ರೆ? ಕಾಲೇಜಲ್ಲಿ ನಿನ್ನನ್ನೇ ಕಳ್ಳಿ ಅಂತಿದ್ರೆ? ಆಗಲೂ ಮಾರನೇ ದಿನ ಅವಳಿಗೆ ಸೀಟು ಹಿಡೀತಿದ್ಯಾ?"

ಅವಳು ತಿರುಗಿ, ಇದೆಂಥ ಪೆದ್ದು ಪ್ರಶ್ನೆ ಎಂಬಂತೆ ನನ್ನನ್ನು ನೋಡಿದಳು.

"ಮತ್ತೆ ಅವಳು ಎಲ್ಲಿ ಕೂತುಕೊಳ್ಳುದಮ್ಮ?"